ಚಿಕ್ಕ ದೋಣಿಯೇ ಸಾಕು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಬೆಂಚಿನ ಮೇಲೆ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಗಂಡನ ಒಂದು ಕೆನ್ನೆ ಊದಿತ್ತು. ತೊಡೆಯ ಮೇಲೆ ಪಾಂಟೂನ್ ದೋಣಿಗಳ ಬಣ್ಣದ ಪುಸ್ತಕವಿತ್ತು. ಎರಡು ದಪ್ಪ ಕೊಳವೆಗಳ ಮೇಲೆ ತೇಲುವ ಅಗಲ ಹಲಗೆ, ಅದರ ಮೇಲೆ ಮನೆಯಲ್ಲಿರುವಂಥ ಸೋಫಾ.

“ದೊಡ್ಡದೇ ತಗೊಳ್ಳೋಣ ಕಣೆ. ಹತ್ತು ಜನ ಕೂರಬಹುದು.”

“ಇರೋದು ನಾವಿಬ್ಬರು. ಚಿಕ್ಕದೇ ಸಾಕು ರೀ.”

“ಚಿಕ್ಕದ್ರಲ್ಲಿ ಕಾಲು ಚಾಚಿದ್ರೆ ನಿಂಗೆ ತಾಗುತ್ತೆ.”

“ತಾಗ್ಲಿ ಬಿಡಿ. ದೊಡ್ಡದು ಯಾಕೆ ಬೇಕು ಅಂತ ನಂಗೊತ್ತಿಲ್ವಾ? ನಾನು ಬಾಯಿ ತೆಗೆದ ತಕ್ಷಣ ಎದ್ದು ಆ ತುದಿಗೆ ಹೋಗೋಕೆ.”

“ನಾನ್ಯಾವತ್ತು ಹಾಗೆ ಎದ್ದು ಹೋಗಿದೀನಿ?”

“ನಿನ್ನೆ. ನಿಮ್ಮ ತಮ್ಮನ ಜೊತೆ ಮಾತು ಬಿಟ್ಟಿದ್ದು ಸಾಕು, ಒಂದು ಫೋನ್ ಮಾಡಿ ಅಂದೆ. ಗಿಡಕ್ಕೆ ನೀರು ಹಾಕ್ಬೇಕು ಅಂತ ಎದ್ರಿ.”

“ಗಿಡ ಒಣಗ್ತಿತ್ತಲ್ಲೇ.”

“ಅದು ಪ್ಲಾಸ್ಟಿಕ್ ಗಿಡ ರೀ.”

ನಾನು ಕೆಮ್ಮಿದಂತೆ ಮಾಡಿ ನಗು ನುಂಗಿದೆ. ಆತ ಪುಟ ತಿರುವಿದ.

“ಚಿಕ್ಕದ್ರಲ್ಲಾದ್ರೆ ಸುತ್ತ ಬರೀ ನೀರು. ಕೇಳಿದ್ದಕ್ಕೆ ಉತ್ತರ ಕೊಡ್ಲೇಬೇಕು,” ಎಂದಳು ಆಕೆ.

ಅಷ್ಟರಲ್ಲಿ ನರ್ಸ್ ಆತನನ್ನು ಒಳಗೆ ಕರೆದಳು. ಹಲ್ಲು ಕೀಳಿಸಿಕೊಳ್ಳಲು ಅಷ್ಟು ಖುಷಿಯಿಂದ ಎದ್ದವರನ್ನು ನಾನು ಕಂಡಿಲ್ಲ.

“ಸರಿ, ಚಿಕ್ಕದೇ ಇರ್ಲಿ,” ಎಂದ ಆತ ಬಾಗಿಲ ಬಳಿ ನಿಂತು. “ಆದ್ರೆ ನಂಗೆ ಈಜು ಬರುತ್ತೆ, ನೆನಪಿಟ್ಕೋ.”

“ಈಜಿ, ಯಾರು ಬೇಡ ಅಂದ್ರು? ದಡದಲ್ಲಿ ನಿಮ್ಮ ತಮ್ಮನ್ನ ನಿಲ್ಲಿಸಿರ್ತೀನಿ,” ಎನ್ನುತ್ತ ಆಕೆಯೂ ಹಿಂದೆಯೇ ಒಳಗೆ ಹೋದಳು.