ಇಂಜಿನ್ ಹತ್ತಲು ಹೊರಟ ತಾಯಿ

ಪುಂಗೋಲ್‌ನಲ್ಲಿ ಎಂಆರ್‌ಟಿ ಮೆಟ್ರೋ ರೈಲು ಹತ್ತಿದ ಅಪರಿಚಿತ ತಾಯಿ-ಮಗಳಿಬ್ಬರು ಅನುಷ್ಕಾಳ ಎದುರಿಗೇ ಕೂತರು. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಅನುಷ್ಕಾ ಇಯರ್‌ಫೋನ್ ತೆಗೆದಳು.

“ಅಮ್ಮ, ಮಂಡಿ ಆಪರೇಷನ್ ಆಗಿ ವರ್ಷ ಆಗಿಲ್ಲ. ಜರ್ಮನಿಗೆ ಒಬ್ಳೇ ಹೋಗ್ತೀಯಾ?”

“ಟಿಕೆಟ್ ಬುಕ್ ಮಾಡಾಯ್ತು.”

“ಒಂದು ಹಳೇ ಸ್ಟೀಮ್ ಟ್ರೈನ್ ನೋಡೋಕೆ ಅಷ್ಟು ದೂರಾನಾ?”

“ನೋಡೋಕಲ್ಲ, ಓಡ್ಸೋಕೆ. ಹಾರ್ಜ್ ಬೆಟ್ಟದಲ್ಲಿ ಪುಟ್ಟ ನ್ಯಾರೋ ಗೇಜ್ ರೈಲಿದೆ. ಒಂದಿನ ಡ್ರೈವರ್ ಪಕ್ಕ ನಿಲ್ಲಿಸ್ಕೊಂಡು ಕಲಿಸ್ತಾರೆ.”

“ಈ ವಯಸ್ಸಲ್ಲಿ?”

“ನಿಮ್ಮಜ್ಜ ಇಂಜಿನ್ ಡ್ರೈವರ್. ನಿನ್ ಸೋದರಮಾವನ್ನ ಇಂಜಿನ್‌ಗೆ ಹತ್ತಿಸ್ಕೊಂಡ್ರು. ಹೆಣ್ಣುಮಕ್ಕಳು ಹತ್ತಬಾರ್ದು ಅಂತ ನನ್ನ ಪ್ಲಾಟ್‌ಫಾರ್ಮಲ್ಲೇ ನಿಲ್ಲಿಸಿದ್ರು.”

“ಅಜ್ಜ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲಮ್ಮ. ಈಗ ಯಾರಿಗೆ ತೋರಿಸ್ಬೇಕು?”

“ಯಾರಿಗೂ ಅಲ್ಲ. ನಂಗೆ ಹತ್ಬೇಕು, ಹತ್ತೀನಿ.”

“ಬಿದ್ರೆ?”

“ಬಿದ್ರೆ ಅಲ್ಲೂ ಡಾಕ್ಟ್ರಿದಾರೆ.”

ಅನುಷ್ಕಾಳಿಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು. ತುಟಿ ಕಚ್ಚಿಕೊಂಡು ಫೋನ್ ನೋಡುತ್ತಾ ಕೂತಳು.

ಸೆರಂಗೂನ್ ಸ್ಟೇಷನ್ ಬಂತು. ಮಗಳು ಕೈ ಚಾಚಿದಳು. ತಾಯಿ ಅದನ್ನು ಹಿಡಿಯದೆ, ಕಂಬಿ ಹಿಡಿದು ತಾನಾಗಿಯೇ ಎದ್ದಳು.

“ಇಂಜಿನ್ ಹತ್ತೋಕೆ ದಪ್ಪ ಅಟ್ಟೆಯ ಬೂಟ್ಸ್ ತಗೋಬೇಕು. ಬರ್ತೀಯೋ, ಇಲ್ಲೇ ಕೂತಿರ್ತೀಯೋ?”

ಬಾಗಿಲು ತೆರೆಯಿತು. ತಾಯಿ ತಿರುಗಿ ನೋಡದೆ ಇಳಿದಳು. ಮಗಳು ಬ್ಯಾಗ್ ಎತ್ತಿಕೊಂಡು ಹಿಂದೆಯೇ ಓಡಿದಳು.