ಒಳಗಿನಿಂದ ಎರಡು ಬಡಿತ

ಹತ್ತಿರ ಬನ್ನಿ, ಜೋರಾಗಿ ಹೇಳೋದಿಲ್ಲ. ಇದು ನನ್ನ ಚಿಕ್ಕಪ್ಪನ ಮಗನಿಗೇ ಆದದ್ದು. ಅವನು ಪೇಂಟರ್. ಬಣ್ಣದ ಕುಂಚ ತೊಳೆಯದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಲ್ಲಾಗುತ್ತದೆ ಅಂತ, ಹೆಂಡತಿಗಿಂತ ಜಾಸ್ತಿ ಅದರದೇ ಚಿಂತೆ ಅವನಿಗೆ.

ಆಗ ಒಂದು ಹಳೇ ಆಸ್ಪತ್ರೆಗೆ ಬಣ್ಣ ಬಳಿಯುತ್ತಿದ್ದ. ಒಂದು ರಾತ್ರಿ ಕೆಲಸ ಮುಗಿಸಿ, ಅಲ್ಲಿನ ಹಾಳುಬಾವಿ ದಾಟುವಾಗ ನೆನಪಾಯಿತು... ಕುಂಚ ಕೊನೇ ಕೋಣೆಯಲ್ಲೇ ಉಳಿದಿದೆ. ವಾಪಸ್ ಹೋದ.

ಅದು ಹಿಂದೆ ಅಂಟುರೋಗದವರನ್ನು ಒಬ್ಬೊಬ್ಬರನ್ನೇ ಕೂಡಿಹಾಕುತ್ತಿದ್ದ ಕೋಣೆ. ಚಿಲಕ ಹೊರಗಡೆ ಮಾತ್ರ. ಕಾವಲಿನ ಮುದುಕ ಇವನಿಗೆ ಹೇಳಿದ್ದ... ಆಸ್ಪತ್ರೆಯವರು ಬಂದು ಹೊರಗಿನಿಂದ ಎರಡು ಸಲ ತಟ್ಟುತ್ತಿದ್ದರಂತೆ. ಒಳಗಿನವರು ತಿರುಗಿ ತಟ್ಟಿದರೆ, ಜೀವ ಇದೆ ಅಂತ ಹೊರಟುಹೋಗುವುದು. ತಟ್ಟದಿದ್ದರೆ ಮಾತ್ರ ಬಾಗಿಲು ತೆಗೆಯುವುದು.

ಇವನು ಕುಂಚಕ್ಕೆ ಬಗ್ಗಿದ. ಹಿಂದೆ ಬಾಗಿಲು ಕಿರ್‍ರ್... ಚಿಲಕ ಖಣ್.

ಕೂಗಿದ, ಒದ್ದ. ಫೋನು ಗೇಟಿನ ಹತ್ತಿರ ಸೈಕಲ್ ಚೀಲದಲ್ಲಿ. ಎಷ್ಟೋ ಹೊತ್ತಿನ ಮೇಲೆ ಹೆಜ್ಜೆ ಸದ್ದು... ಆಮೇಲೆ ಬಾಗಿಲ ಮೇಲೆ ಟಕ್, ಟಕ್. ಹೋದ ಜೀವ ಬಂದಂತಾಗಿ ಇವನೂ ಎರಡು ಸಲ ತಟ್ಟಿಬಿಟ್ಟ. ಹೆಜ್ಜೆ ದೂರವಾಯಿತು. ಆಗ ಮುದುಕನ ಮಾತು ನೆನಪಾಗಿ ಹಣೆ ಚಚ್ಚಿಕೊಂಡ.

ಮತ್ತೆ ಬಂತು. ಟಕ್, ಟಕ್. ಅಂಗಿಯ ತುದಿ ಬಾಯಿಗೆ ತುರುಕಿಕೊಂಡು ಅಲುಗಾಡದೆ ಕೂತ. ಅವನ ಬೆನ್ನ ಹಿಂದೆ... ಕೋಣೆಯ ಒಳಗಿನಿಂದಲೇ... ಟಕ್, ಟಕ್.

ಹೆಜ್ಜೆ ಹೊರಟುಹೋಯಿತು.

"ಯಾಕೆ ತಟ್ಟಿದೆ?" ಅಂದ, ಪಿಸುದನಿಯಲ್ಲಿ.

"ನೀನು ಹೋಗಿಬಿಡ್ತೀಯ..."

ಹೆಂಗಸಿನ ದನಿಯೋ ಮಗುವಿನದೋ ತಿಳಿಯಲಿಲ್ಲವಂತೆ. ಹೆದರಿಕೆಯ ನಡುವೆಯೂ ಅಯ್ಯೋ ಪಾಪ ಅನಿಸಿತಂತೆ.

"ನನ್ ಮಗಳು ಕಾಯ್ತಿದ್ದಾಳೆ, ನಾನು ಹೋಗ್ದೆ ಮಲಗಲ್ಲ ಅವಳು. ಸುಮ್ನಿರು... ಬಾಗಿಲು ತೆಗೀತಾರೆ. ಇಬ್ರೂ ಹೋಗೋಣ."

"ನಿಜವಾಗ್ಲೂ?"

"ನನ್ ಮಗಳಾಣೆ."

ಮೂರನೇ ಸಲ ಹೊರಗಿನಿಂದ ತಟ್ಟಿದಾಗ ಒಳಗೆ ಸದ್ದೇ ಇಲ್ಲ. ಖಣ್... ಬಾಗಿಲು ತೆರೆಯಿತು. ಹೊರಗೆ ಯಾರೂ ಇರಲಿಲ್ಲ. ತಿರುಗಿ ನೋಡದೆ ಮನೆಗೆ ಓಡಿದ.

ಬೆಳಗಾಗುತ್ತಲೇ ಹೆಂಡತಿ, ಮಗಳನ್ನು ಕರೆದುಕೊಂಡು ಅತ್ತೆ ಮನೆ ಸೇರಿದ. ಅಲ್ಲಿಂದ ನನಗೆ ಫೋನು ಮಾಡಿ ಇಷ್ಟೂ ಹೇಳಿ, ಕೊನೆಗೆ, "ಆ ಕುಂಚ ತಂದು ನಮ್ಮನೇಲಿಡು, ಬೀಗದ ಕೈ ನಿನ್ ಹತ್ರ ಇದೆಯಲ್ಲ" ಅಂದ. ಅಂಥಾ ಹೊತ್ತಲ್ಲೂ ಕುಂಚ!

ಹಗಲಲ್ಲೇ ಹೋಗಿ ತಂದೆ. ಕಲ್ಲಾಗಿತ್ತು. ಅವನ ಮನೆ ಬಾಗಿಲಿಗೆ ಬೀಗ. ಅದೇನು ಬುದ್ಧಿಯೋ, ತೆಗೆಯುವ ಮೊದಲು ಸುಮ್ಮನೆ ಎರಡು ಸಲ ತಟ್ಟಿದೆ.

ಒಳಗಿನಿಂದ... ಟಕ್, ಟಕ್.

ಆ ಆಸ್ಪತ್ರೆಯವರ ಹಾಗೇ ನಾನೂ ಹೊರಟುಬಂದೆ. ಸುಳ್ಳಲ್ಲ. ಬೀಗದ ಕೈ ಇನ್ನೂ ನನ್ನ ಜೇಬಿನಲ್ಲೇ ಇದೆ, ಬೇಕಾದರೆ ಮುಟ್ಟಿ ನೋಡಿ.