ಆಮೆನ್ ಅನ್ನುವ ಮುಂಚೆ

ಊರಬಾಗಿಲ ಪೀಠದಲ್ಲಿ ಅಧ್ಯಕ್ಷರಾಗಿ ಕುಳಿತಿರುವ ಹಿರಿಯರಾದ ಪೆಲಟ್ಯನವರೇ, ಪೂಜ್ಯ ಯಾಜಕರೇ, ಪಸ್ಕ ಹಬ್ಬದ ಕೆಲಸ ಬದಿಗಿಟ್ಟು ಬಂದಿರುವ ಸಭಿಕರೇ,

ನನ್ನ ತಮ್ಮ, ಪ್ರವಾದಿ ಶೆಮರ್ಯನ ಹೆಸರಿನ ಕಲ್ಲನ್ನು ಇಂದು ನಿಲ್ಲಿಸಿದ್ದೀರಿ. ಯೆರೂಸಲೇಮು ಸುಟ್ಟುಹೋಗುತ್ತದೆ ಎಂದು ಅವನು ಹೇಳಿದ್ದ, ಬಾಬೆಲಿನವರು ಬಂದು ಸುಟ್ಟರು. ಅವನು ಊರು ಬಿಟ್ಟು ಹೋಗಿ ಈಜಿಪ್ಟಿನ ಮಣ್ಣು ಸೇರಿದ ಮೇಲೆ ನಿಮಗೆ ಅವನ ಮಾತು ರುಚಿಸಿದೆ. ಸಂತೋಷ. ಚಿಕ್ಕಂದಿನಿಂದಲೂ ಅವನ ಬಾಯಿಗೆ ಬೀಗವಿರಲಿಲ್ಲ. ತೊಟ್ಟಿಲಲ್ಲೇ ಊರಿಗೆ ಬುದ್ಧಿ ಹೇಳುತ್ತಿದ್ದನೆಂದು ಅಮ್ಮ ನಗುತ್ತಿದ್ದಳು.

ಈಗ ಅವನ ಪ್ರಾರ್ಥನೆಯನ್ನು ನಾನು ಹೇಳಬೇಕು, ಬಾಬೆಲಿನವರು ಹಾಳಾಗಲೆಂದು ನೀವೆಲ್ಲ ಆಮೆನ್ ಅನ್ನಬೇಕು. ಅಲ್ಲವೇ? ಸ್ವಲ್ಪ ತಡೆಯಿರಿ. "ದೇವರೇ, ನನಗೆ ಗುಂಡಿ ತೋಡಿದವರನ್ನು ಬಿಡಬೇಡ, ನಾನು ಸರಿಯೆಂದು ಅವರ ಕಣ್ಣೆದುರೇ ತೋರಿಸು" ಎಂದು ಅವನು ಬೇಡಿದ್ದು ಯಾರ ಮೇಲೆ? ಬಾಬೆಲಿನವರು ಆಗಿನ್ನೂ ಬಂದೇ ಇರಲಿಲ್ಲ. ಪೆಲಟ್ಯನವರೇ, ಗುದ್ದಲಿ ನಿಮ್ಮ ಕೈಯಲ್ಲಿತ್ತು.

ನಮ್ಮ ಮನೆಯಲ್ಲಿ ನಾವಿಬ್ಬರೇ. ಪಸ್ಕದ ಕುರಿಮರಿಯನ್ನು ಅದೇ ರಾತ್ರಿ ತಿಂದು ಮುಗಿಸಬೇಕು, ಇಬ್ಬರಿಗೆ ಒಂದು ಮರಿ ಹೆಚ್ಚು. ಅಂಥವರನ್ನು ನೆರೆಮನೆಯವರು ಹಬ್ಬದ ಪಂಕ್ತಿಗೆ ಸೇರಿಸಿಕೊಳ್ಳಬೇಕು, ಅದು ನಮ್ಮ ಹಿರಿಯರ ಪದ್ಧತಿ. ಯೆರೂಸಲೇಮು ಸುಡುತ್ತದೆಂದು ಅವನು ಸಾರಿದ ಆ ವರ್ಷ ಯಾರೂ ಕರೆಯಲಿಲ್ಲ. ನೀವು ಸುಡುತ್ತಿದ್ದ ಮಾಂಸದ ವಾಸನೆ ಮಾತ್ರ ನಮ್ಮ ಬಾಗಿಲಿಗೆ ಬಂತು. ಶೆಮರ್ಯ ಬೀದಿಯಲ್ಲಿ ನಿಂತು ಈ ಪ್ರಾರ್ಥನೆಯನ್ನು ಕೂಗಿದ. ಆಮೇಲೆ ಒಳಗೆ ಬಂದು ಹುಳಿಯಿಲ್ಲದ ರೊಟ್ಟಿ ಮುರಿಯುತ್ತಾ ಕೇಳಿದ:

"ಅಕ್ಕಾ, ದೇವ್ರು ನಿಜವಾಗ್ಲೂ ಕೇಳಿಸ್ಕೊಂಡ್ಬಿಟ್ರೆ?"

"ಕೇಳಿಸ್ಕೊಳ್ಳಲಿ ಬಿಡೋ. ಅವ್ರಿಗೆ ಆಗ್ಬೇಕಾದ್ದೇ."

"ಬ್ಯಾಡಕ್ಕಾ. ಪೆಲಟ್ಯ ಬಂದು ಒಂದ್ಸಲ ಬಾರೋ ಅಂದ್ರೆ ಸಾಕು, ಎದ್ದು ಹೋಗ್ಬಿಡ್ತೀನಿ."

ಬಾಗಿಲು ತೆರೆದಿಟ್ಟುಕೊಂಡೇ ಕುಳಿತಿದ್ದ. ಊರಿಗೆಲ್ಲ ಸಿಡಿಲಾಗಿದ್ದವನು ನನಗೆ ಹಸಿದ ಹುಡುಗನ ಹಾಗೆ ಕಂಡ.

ಕಲ್ಲು ಚೆನ್ನಾಗಿದೆ, ಕಟೆದವರಿಗೆ ಒಳ್ಳೆಯದಾಗಲಿ. ಆದರೆ ನನಗೆ ಕಲ್ಲು ಬೇಕಿಲ್ಲ, ತಮ್ಮ ಬೇಕು. ಸತ್ತ ಸುದ್ದಿ ಬಂದ ಮೇಲೂ ಹೊರಗೆ ಹೆಜ್ಜೆ ಸದ್ದಾದರೆ ಎದ್ದು ನೋಡುತ್ತೇನೆ.

ನಾಳೆ ಸಂಜೆ ಹಬ್ಬದೂಟ. ಆ ಪ್ರಾರ್ಥನೆಗೆ ನಿಮ್ಮ ಆಮೆನ್ ಬೇಡ. ಅದು ನಿಮ್ಮ ಮಕ್ಕಳ ತಲೆಯ ಮೇಲೇ ಬಿದ್ದೀತು. ಪೆಲಟ್ಯನವರೇ, ಈಜಿಪ್ಟಿನ ದಾರಿಯ ಕಡೆ ತಿರುಗಿ ಒಮ್ಮೆ ಕೂಗಿಬಿಡಿ: "ಬಾರೋ ಶೆಮರ್ಯ, ಊಟಕ್ಕೆ ಬಾ." ನೀವು ಕೂಗುವವರೆಗೂ ನಾನು ಇಲ್ಲೇ ನಿಂತಿರುತ್ತೇನೆ.

ಮುದುಕಿಯ ಮಾತಿಗೆ ಕಿವಿಗೊಟ್ಟಿರಿ, ನಿಮಗೆ ಋಣಿ. ನಮಸ್ಕಾರ.